ಸಣ್ಣೀರಮ್ಮನ ಹೇಳಿಕೆ

ನಮ್ಮೂರಿನಲ್ಲಿ ಮೆಲ್ಲಗೆ ಆಡಿದ ಮಾತು ಕೂಡಲೇ ಕೇಳಿಸುತ್ತದೆ, ಜೋರಾಗಿ ಆಡಿದ್ದು ತಡವಾಗಿ ಬರುತ್ತದೆ. ಎಷ್ಟು ಜೋರೋ ಅಷ್ಟು ತಡ. ಸಂತೆಯಲ್ಲಿ ಸೊಪ್ಪಿನವರು ಕೂಗುವುದಿಲ್ಲ, ಕಂತೆ ಎತ್ತಿ ತೋರಿಸುತ್ತಾರೆ. ಶಾಲೆಯಲ್ಲಿ ಮಗ್ಗಿ ಪಿಸುಮಾತಿನಲ್ಲಿ ನಡೆಯುತ್ತದೆ. ಮದುವೆಯಲ್ಲಿ ವಾಲಗದವರು ತಾಳಿಗೆ ಐದು ನಿಮಿಷ ಮೊದಲೇ ಗಟ್ಟಿಮೇಳ ಬಾರಿಸಿ, ಬೆವರು ಒರೆಸಿಕೊಂಡು, ವಾದ್ಯ ಕೆಳಗಿಟ್ಟು ಕುಳಿತುಬಿಡುತ್ತಾರೆ. ಗಂಟು ಬೀಳುವ ಹೊತ್ತಿಗೆ ಸರಿಯಾಗಿ ಮೇಳ ಬಂದು ಮಂಟಪ ತುಂಬುತ್ತದೆ. ಗಂಡ ಹೆಂಡತಿ ಜಗಳವಾಡಿ ರಾಜಿಯಾಗಿ ಊಟಕ್ಕೆ ಕುಳಿತ ಮೇಲೆ ಬೈಗುಳ ಬಂದು ತಲುಪುವುದೂ ಉಂಟು. ಆಗ ಇಬ್ಬರೂ ತಲೆ ತಗ್ಗಿಸಿ, ಅದು ಮುಗಿಯುವವರೆಗೆ ಅನ್ನ ಕಲಸುತ್ತ ಇರುತ್ತಾರೆ.

ಇಂಥ ಊರಿನಲ್ಲಿ ನನ್ನದು ವಿಡಿಯೊ ಎಡಿಟಿಂಗ್ ಕೆಲಸ. ಹೆಸರು ಗಂಗಾಂಬಿಕೆ, ಎಲ್ಲರೂ ಅಂಬಕ್ಕ ಅನ್ನುತ್ತಾರೆ. ಬಸ್ ನಿಲ್ದಾಣದ ಎದುರು ಅಪ್ಪ ಶುರು ಮಾಡಿದ ಸ್ಟುಡಿಯೊ ಇದೆ. ಮದುವೆ, ನಾಮಕರಣ, ಶಾಲೆಯ ವಾರ್ಷಿಕೋತ್ಸವ, ಯಾವುದನ್ನೇ ಚಿತ್ರೀಕರಿಸಿದರೂ ನಮ್ಮಲ್ಲಿ ತುಟಿ ಒಂದು ಕಡೆ, ದನಿ ಒಂದು ಕಡೆ ಇರುತ್ತದೆ. ಹೊರಗಿನ ನೆಂಟರು ನೋಡಿದರೆ ತಲೆ ತಿರುಗುತ್ತದೆ. ಅದನ್ನು ಹೊಂದಿಸಿ ಕೊಡುವುದೇ ನನ್ನ ಕಸುಬು. ಅಪ್ಪ ಕಲಿಸಿದ ದಾರಿ ಒಂದೇ: ದನಿಯನ್ನು ಮುಟ್ಟಬಾರದು. ಕಿವಿಗೆ ಬಿದ್ದ ಕ್ರಮದಲ್ಲೇ ಅದನ್ನು ಬಿಟ್ಟು, ಚಿತ್ರವನ್ನು ಕತ್ತರಿಸಿ ಕತ್ತರಿಸಿ ಅದರ ಕೆಳಗೆ ತಂದು ಕೂರಿಸಬೇಕು. ನಮ್ಮೂರಿನ ಜನ ಕೇಳಿಸಿದ ಮೇಲೆ ತಾನೇ ಉತ್ತರ ಕೊಡುವುದು? ಹಾಗಾಗಿ ಕೇಳಿಸಿದ ಕ್ರಮವೇ ನಡೆದ ಕ್ರಮ. ಇಪ್ಪತ್ತೆರಡು ವರ್ಷ ನಾನು ಹಾಗೇ ಮಾಡಿಕೊಂಡು ಬಂದೆ.

ಆರು ತಿಂಗಳಿಂದ ನನ್ನ ಕಂಪ್ಯೂಟರ್ ಒಂದು ಪ್ರಶ್ನೆ ಕೇಳುತ್ತಿತ್ತು. ಎಡಿಟಿಂಗ್ ಪ್ರೋಗ್ರಾಮಿನ ಹೊಸ ಆವೃತ್ತಿ ಬಂದಿದೆ, ಈಗಲೇ ಹಾಕಿಕೊಳ್ಳುತ್ತೀರೋ ಆಮೇಲೋ? ನಾನು ಪ್ರತಿ ಸಲ ‘ಆಮೇಲೆ’ ಒತ್ತುತ್ತಿದ್ದೆ. ಒಂದು ಭಾನುವಾರ ಬೆಳಿಗ್ಗೆ ಕರೆಂಟು ಹೋಗಿ ಬಂತು. ಕಂಪ್ಯೂಟರ್ ಎದ್ದು ಕುಳಿತಾಗ ಅದು ನನ್ನನ್ನು ಕೇಳದೆಯೇ ಹೊಸದಾಗಿಬಿಟ್ಟಿತ್ತು. ಗುಂಡಿಗಳೆಲ್ಲ ಜಾಗ ಬದಲಿಸಿದ್ದವು. ಕತ್ತರಿಯ ಗುರುತು ಎಡದಿಂದ ಬಲಕ್ಕೆ ಹೋಗಿತ್ತು. ಒಂದು ದಿನ ಹೊಂದಿಕೊಂಡರಾಯಿತು ಅಂದುಕೊಂಡು ಹಿಂದಿನ ದಿನದ ಕ್ಯಾಮೆರಾ ಕಾರ್ಡನ್ನು ಸಿಕ್ಕಿಸಿದೆ. ಅದರಲ್ಲಿ ಸಣ್ಣೀರಮ್ಮನ ಹೇಳಿಕೆ ಇತ್ತು.

ಸಣ್ಣೀರಮ್ಮ ಯಾರು, ಆ ಹೇಳಿಕೆ ಯಾಕೆ ಅನ್ನುವುದನ್ನು ಹೇಳಬೇಕು. ನಮ್ಮ ಕೆರೆಗೆ ಪಾಲಯ್ಯ ನೀರುಗಂಟಿ. ತೂಬು ತೆರೆದು ಹೊಲಗಳಿಗೆ ನೀರು ಬಿಡುವುದು, ಮುಚ್ಚುವುದು ಅವನ ಕೆಲಸ. ತೂಬಿನ ಕೆಳಗಿನ ಹಳ್ಳದಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿರುತ್ತಾರೆ. ನೀರು ಬಿಡುವ ಮೊದಲು ಪಾಲಯ್ಯ ಏರಿಯ ಮೇಲೆ ನಿಂತು ಕೆಂಪು ಬಟ್ಟೆ ಬೀಸುತ್ತಾನೆ, ಅವರು ದಡ ಹತ್ತುತ್ತಾರೆ. ತಲೆತಲಾಂತರದಿಂದ ಹೀಗೇ ನಡೆದಿತ್ತು. ಹೋದ ವರ್ಷ ಹೊರಗಿನ ನಗರದಲ್ಲಿರುವ ಕೆರೆ ಕಚೇರಿಯವರು ಬಂದು ಏರಿಯ ಮೇಲೆ ಒಂದು ಸೈರನ್ ನೆಟ್ಟರು. ಬಟ್ಟೆ ಗಿಟ್ಟೆ ಎಲ್ಲ ಬೇಡ, ತೂಬು ತೆರೆಯುವ ಮೊದಲು ಇದನ್ನು ಒತ್ತಬೇಕು ಎಂದು ಆದೇಶ ಬರೆದುಕೊಟ್ಟರು. ಆ ಸೈರನ್ ಎಷ್ಟು ಜೋರೆಂದರೆ ಒತ್ತಿದ ಹತ್ತು ನಿಮಿಷಕ್ಕೆ ಅದು ಊರಿಗೆ ಕೇಳಿಸುತ್ತಿತ್ತು. ಅಷ್ಟರಲ್ಲಿ ನೀರು ಹಳ್ಳ ದಾಟಿ ಹೊಲಕ್ಕೆ ಹೋಗಿರುತ್ತಿತ್ತು. ಪಾಲಯ್ಯ ಆದೇಶಕ್ಕಾಗಿ ಸೈರನ್ ಒತ್ತುತ್ತಿದ್ದ, ಜನರಿಗಾಗಿ ಬಟ್ಟೆ ಬೀಸುತ್ತಿದ್ದ.

ಒಂದು ಬೆಳಿಗ್ಗೆ ಹಳ್ಳದಲ್ಲಿ ಸಣ್ಣೀರಮ್ಮ ಒಬ್ಬಳೇ ಇದ್ದಳು. ಊರಿನ ಅರ್ಧ ಮನೆಗಳ ಬಟ್ಟೆ ಒಗೆಯುವ ಮುದುಕಿ. ನೀರು ಬಂದು ಅವಳನ್ನು ಕೆಡವಿತು, ಬಂಡೆಗೆ ಬಡಿದು ಸೊಂಟದ ಮೂಳೆ ಮುರಿಯಿತು. ಅವಳನ್ನು ಎತ್ತಿ ಗಾಡಿಯಲ್ಲಿ ಮಲಗಿಸುವಾಗ ಸೈರನ್ ಕೇಳಿಸಿತು. ಕೆರೆ ಕಚೇರಿಯವರು ಊರಿನ ಜನರನ್ನು ವಿಚಾರಿಸಿದರು. ನೀರು ಬಂದ ಮೇಲೆ ಸೈರನ್ ಕೇಳಿಸಿತಾ? ಹೌದು. ಮೊದಲು ಕೇಳಿಸಿತಾ? ಇಲ್ಲ. ಅಷ್ಟು ಸಾಕಾಯಿತು. ತೂಬು ತೆರೆದು, ಅನಾಹುತವಾದ ಮೇಲೆ ಸೈರನ್ ಒತ್ತಿದ್ದಾನೆ ಎಂದು ಬರೆದುಕೊಂಡು ಪಾಲಯ್ಯನನ್ನು ಕೆಲಸದಿಂದ ನಿಲ್ಲಿಸಿದರು. ವಿಚಾರಣೆ ಮುಗಿಯುವವರೆಗೆ ಅವನು ಸಣ್ಣೀರಮ್ಮನ ಮನೆಯ ಬೀದಿಗೂ ಹೋಗಕೂಡದೆಂದು ಆಜ್ಞೆಯಾಯಿತು. ಅವನು ಬಟ್ಟೆ ಬೀಸಿದ್ದನ್ನು ಕಂಡವಳು ಸಣ್ಣೀರಮ್ಮ ಒಬ್ಬಳೇ.

ಅವಳನ್ನು ನಗರಕ್ಕೆ ಒಯ್ಯುವಂತಿರಲಿಲ್ಲ. ಹಾಗಾಗಿ ಪ್ರಭಾಕರ್ ಎಂಬ ಅಧಿಕಾರಿ ಶನಿವಾರ ಊರಿಗೆ ಬಂದರು. ಹೇಳಿಕೆಯನ್ನು ವಿಡಿಯೊ ಮಾಡಿ, ಹೊಂದಿಸಿ, ಗುರುವಾರದ ವಿಚಾರಣೆಗೆ ಫೈಲ್ ಕೊಡಬೇಕೆಂದು ನನಗೆ ಹೇಳಿದರು. ಸಣ್ಣೀರಮ್ಮನ ಮಂಚದ ಪಕ್ಕ ಕುರ್ಚಿ ಹಾಕಿಸಿಕೊಂಡು, ತಾವೂ ಚೌಕಟ್ಟಿನಲ್ಲಿ ಕಾಣಬೇಕೆಂದರು. ಅವರ ದನಿ ಹುಟ್ಟಾ ದೊಡ್ಡದು. “ಸಾರ್, ಸ್ವಲ್ಪ ಮೆಲ್ಲಗೆ ಮಾತಾಡಿ, ನಮ್ಮೂರಲ್ಲಿ ಹಾಗೆ” ಅಂದೆ. “ರೆಕಾರ್ಡ್ ಆಗ್ಬೇಕಲ್ರೀ!” ಎಂದು ಅವರು ಇನ್ನಷ್ಟು ಏರಿಸಿದ್ದು ಹತ್ತು ಎಣಿಸಿದ ಮೇಲೆ ನನಗೆ ಕೇಳಿಸಿತು. ಅಷ್ಟರಲ್ಲಿ ಅವರು ಪ್ರಶ್ನೆ ಶುರು ಮಾಡಿಯಾಗಿತ್ತು.

ಅವರು ಒಂದು ಪ್ರಶ್ನೆ ಕೇಳುವರು. ಅದು ಇನ್ನೂ ಮುದುಕಿಗೆ ತಲುಪಿರುವುದಿಲ್ಲ, ಅವಳು ಸುಮ್ಮನೆ ಅವರ ಬಾಯಿ ನೋಡುತ್ತಿರುವಳು. ಇವರಿಗೆ ತಾಳ್ಮೆ ತಪ್ಪಿ ಎರಡನೆಯದನ್ನು ಕೇಳುವರು. ಆಗ ಮೊದಲನೆಯದು ಅವಳಿಗೆ ಮುಟ್ಟಿ, ಅದಕ್ಕೆ ಮೆಲುದನಿಯಲ್ಲಿ ಉತ್ತರ ಕೊಡುವಳು. ಇವರು ಅದನ್ನು ಎರಡನೆಯದರ ಉತ್ತರವೆಂದು ತಿಳಿದು ಮೂರನೆಯದಕ್ಕೆ ಹೋಗುವರು. ಹೆಸರು, ವಯಸ್ಸಿನಂಥ ಮೊದಲ ಉತ್ತರಗಳಿಗೆ ಅವರು ಕಿವಿಗೊಟ್ಟಂತೆಯೇ ಕಾಣಲಿಲ್ಲ, ಕೊನೆಯವನ್ನು ಮಾತ್ರ ಬರೆದುಕೊಂಡರು. ತಮ್ಮದೇ ದನಿ ಹಿಂದಿನಿಂದ ಬಂದದ್ದನ್ನು ಕೋಣೆಯ ಮಾರ್ದನಿ ಅಂದುಕೊಂಡರೋ ಏನೋ, ಎರಡು ಸಲ ಮಾಡಿನ ಕಡೆ ನೋಡಿ ಹುಬ್ಬು ಗಂಟಿಕ್ಕಿದರು. ಎಂಟು ಪ್ರಶ್ನೆ ಮುಗಿಸಿ, ಎದ್ದು ಕೈ ಮುಗಿದು ಹೊರಟೇಬಿಟ್ಟರು. ಅವರ ಕೊನೆಯ ಪ್ರಶ್ನೆ ತಲುಪಿದಾಗ ಸಣ್ಣೀರಮ್ಮ ಖಾಲಿ ಕುರ್ಚಿಗೆ ಉತ್ತರ ಹೇಳಿದಳು. ನನ್ನ ಕ್ಯಾಮೆರಾ ಓಡುತ್ತಿತ್ತು. ಎಡಿಟಿಂಗಿನಲ್ಲಿ ಸರಿಯಾಗುತ್ತದೆ ಎಂದು ನಾನು ನಿಶ್ಚಿಂತೆಯಿಂದಿದ್ದೆ.

ಭಾನುವಾರ ಕಾರ್ಡು ಸಿಕ್ಕಿಸಿದಾಗ ಪರದೆಯ ಮೇಲೆ ಒಂದು ಹಸಿರು ಪಟ್ಟಿ ಮೂಡಿತು. ‘ನಿಮ್ಮ ವಿಡಿಯೊದಲ್ಲಿ ಹದಿನಾರು ದೋಷಗಳು ಕಂಡುಬಂದವು. ಎಲ್ಲವನ್ನೂ ಸರಿಪಡಿಸಲಾಗಿದೆ.’ ಹೊಸ ಆವೃತ್ತಿ ತಾನಾಗಿಯೇ ಮುಖ ಹುಡುಕಿ, ತುಟಿ ಹುಡುಕಿ, ದನಿಯನ್ನು ಎಳೆದು ತಂದು ತುಟಿಗೆ ಅಂಟಿಸುತ್ತಿತ್ತು. ಹೊರಗಿನ ಜಗತ್ತಿಗೆ ಅದು ಒಳ್ಳೆಯದೇ ಇರಬೇಕು. ನಾನು ಓಡಿಸಿ ನೋಡಿದೆ. ತುಟಿ, ದನಿ ಎರಡೂ ಕೂದಲೆಳೆ ತಪ್ಪದೆ ಕೂಡಿದ್ದವು. ಪ್ರಭಾಕರ್ ಕೇಳುತ್ತಾರೆ, “ಪಾಲಯ್ಯ ಕೆಂಪು ಬಟ್ಟೆ ಬೀಸಿದ್ನಾ?” ಸಣ್ಣೀರಮ್ಮ ಹೇಳುತ್ತಾಳೆ, “ಇಲ್ಲ.” “ಅವತ್ತು ಅವನು ಕುಡಿದಿದ್ನಾ?” “ಹೂಂ ಸ್ವಾಮಿ, ನಾನೇ ಕಣ್ಣಾರೆ ನೋಡ್ದೆ.” “ಬೇರೆ ಏನಾದರೂ ಹೇಳೋದಿದೆಯಾ?” “ಇಲ್ಲ ಸ್ವಾಮಿ.” ಅಲ್ಲಿಗೆ ವಿಡಿಯೊ ಮುಗಿಯಿತು. ಪ್ರಶ್ನೆಯಿಲ್ಲದ ಕೊನೆಯ ಉತ್ತರವನ್ನು ಪ್ರೋಗ್ರಾಮು ಬೇಡದ ಬಾಲವೆಂದು ಕತ್ತರಿಸಿ ಹಾಕಿತ್ತು.

ಆ “ಇಲ್ಲ” ಎಂಬುದು ಪಾಲಯ್ಯ ನಿಮಗೆ ನೆಂಟನಾ ಎಂಬ ಪ್ರಶ್ನೆಗೆ ಅವಳು ಹೇಳಿದ್ದು. ಕಣ್ಣಾರೆ ನೋಡಿದ್ದು ಕೆಂಪು ಬಟ್ಟೆಯನ್ನು. ಕುಡಿದಿದ್ನಾ ಅಂದದ್ದಕ್ಕೆ “ಇಲ್ಲ ಸ್ವಾಮಿ.” ನಾನೇ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದ್ದೆ.

ಸರಿ, ಕೈಯಿಂದಲೇ ಮಾಡೋಣ ಎಂದು ಕುಳಿತೆ. ಆ ತುಟಿ ಜೋಡಿಸುವ ಸೌಲಭ್ಯವನ್ನು ಆರಿಸುವ ಗುಂಡಿ ಎಲ್ಲಾದರೂ ಇದೆಯೇ ಎಂದು ಒಂದೊಂದೇ ಪಟ್ಟಿ ತೆರೆದು ಹುಡುಕಿದೆ. ಇರಲಿಲ್ಲ. ಅದು ಅಂಟಿಸಿದ ಪ್ರತಿ ಮಾತನ್ನೂ ಕತ್ತರಿಸಿ ಬಿಡಿಸಿ, ಕೇಳಿದ ಕ್ರಮದಲ್ಲಿ ಸಾಲಾಗಿ ಇಟ್ಟು, ಚಿತ್ರ ತಂದು ಕೆಳಗೆ ಜೋಡಿಸಿದೆ. ಕತ್ತರಿಸಿ ಹಾಕಿದ ಬಾಲವನ್ನೂ ಹುಡುಕಿ ತಂದು ಕೊನೆಗಿಟ್ಟೆ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಪರದೆಯ ಮೇಲೆ ಓಡಿಸಿದರೆ ಎಲ್ಲ ಸರಿ. ಫೈಲ್ ಮಾಡಲು ಒತ್ತಿದೆ. ಅರ್ಧ ಗಂಟೆ ಹಸಿರು ಗೆರೆ ತೆವಳಿತು. ಫೈಲ್ ತೆರೆದರೆ ಮತ್ತೆ ಅದೇ: “ಬಟ್ಟೆ ಬೀಸಿದ್ನಾ?” “ಇಲ್ಲ.” ಹೊರಗೆ ಕಳಿಸುವ ಮೊದಲು ಅದು ಇನ್ನೊಂದು ಸಲ ದೋಷ ಹುಡುಕಿ ಸರಿಪಡಿಸಿಬಿಟ್ಟಿತ್ತು. ಕೆಳಗೆ ಬರೆದಿತ್ತು: ‘ಐವತ್ತೆಂಟು ದೋಷಗಳು.’ ನಾನು ಹಾಕಿದ ಒಂದೊಂದು ಕತ್ತರಿಯನ್ನೂ ಅದು ದೋಷವೆಂದು ಎಣಿಸಿತ್ತು.

ಮತ್ತೆ ಮಾಡಿದೆ. ಬೇರೆ ಬಗೆಯ ಫೈಲ್ ಮಾಡಿದೆ, ಸಣ್ಣದು ಮಾಡಿದೆ, ಚಿತ್ರ ಬೇರೆ ದನಿ ಬೇರೆ ಮಾಡಿ ಕೂಡಿಸಲು ನೋಡಿದೆ. ಕೂಡಿಸುವಾಗ ಮತ್ತೆ ಎಳೆದು ಅಂಟಿಸಿತು. ಕಪಾಟಿನಿಂದ ಹಳೆಯ ಆವೃತ್ತಿಯ ಡಿಸ್ಕ್ ಹುಡುಕಿ ತೆಗೆದು ಹಾಕಿದರೆ, ಈ ಯಂತ್ರಕ್ಕೆ ಇದು ಹೊಂದುವುದಿಲ್ಲ ಎಂದು ಕಂಪ್ಯೂಟರ್ ಅದನ್ನು ಉಗುಳಿತು. ಆಗ ನನಗೊಂದು ಎಚ್ಚರ ಬಂತು. ಕಾರ್ಡನ್ನು ಹೊರಗೆಳೆದು, ಅದರ ಪಕ್ಕದ ಪುಟ್ಟ ಬೀಗ ಸರಿಸಿ, ಯಾರೂ ಅಳಿಸದಂತೆ ಮಾಡಿ ಸೂಜಿ ಡಬ್ಬಿಯಲ್ಲಿಟ್ಟೆ.

ಪ್ರೋಗ್ರಾಮಿನವರ ಸಹಾಯವಾಣಿಗೆ ಫೋನ್ ಮಾಡಿದೆ. ಒಬ್ಬಳು ಹುಡುಗಿ ವಿನಯದಿಂದ ಕೇಳಿಸಿಕೊಂಡಳು. “ಮೇಡಂ, ನಿಮ್ಮ ಸೌಂಡ್ ಲೇಟಾಗಿ ಬರ್ತಿದೆ ಅಂತೀರಲ್ಲ, ಅದನ್ನೇ ನಮ್ಮ ಹೊಸ ವರ್ಷನ್ ಸರಿ ಮಾಡತ್ತೆ.”

“ಸರಿ ಮಾಡೋದು ಬೇಡಮ್ಮ. ಇದ್ದ ಹಾಗೇ ಬಿಡೋಕೆ ಏನು ಮಾಡ್ಬೇಕು?”

“ತಪ್ಪನ್ನ ಹಾಗೇ ಬಿಡ್ಬೇಕಾ ಮೇಡಂ? ಅಂಥ ಆಪ್ಷನ್ ಇಲ್ಲ. ನಿಮ್ಮ ಸಲಹೆಯನ್ನ ಬರ್ಕೊಂಡಿದ್ದೀನಿ.”

ಮಂಗಳವಾರ ಪ್ರಭಾಕರ್ ಅವರಿಗೇ ಫೋನ್ ಮಾಡಿ ಎಲ್ಲ ಹೇಳಿದೆ. ಅವರು, “ನೋಡಿ, ನನ್ನ ನೋಟ್ಸಲ್ಲೂ ಹಾಗೇ ಇದೆ. ಬೀಸಲಿಲ್ಲ ಅಂತಾನೇ ಅಂದಿದ್ದಾಳೆ ಅಜ್ಜಿ. ಕಂಪ್ಯೂಟರೂ ಅದನ್ನೇ ಹೇಳ್ತಿದೆ. ಹೆಸರು, ವಯಸ್ಸು ಅವೆಲ್ಲ ಬೇಡ, ರೇಷನ್ ಕಾರ್ಡಿಂದ ತಗೊಂಡಿದ್ದೀನಿ. ಕೊನೇ ಮೂರು ಪ್ರಶ್ನೆ ಇದ್ರೆ ಸಾಕು, ಕಳಿಸಿಬಿಡಿ” ಅಂದರು. ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ತಮ್ಮ ಕಿವಿಯಾರೆ ಕೇಳಿದ್ದನ್ನು ನಂಬಿದ್ದರು, ಅಷ್ಟೇ.

ಆ ಸಂಜೆ ಪಾಲಯ್ಯ ಬಾಗಿಲಲ್ಲಿ ಬಂದು ನಿಂತ. ಒಳಗೆ ಬಾ ಅಂದರೂ ಬರಲಿಲ್ಲ. ತಿಂಗಳಲ್ಲಿ ಅವನ ಭುಜ ಇಳಿದುಹೋಗಿತ್ತು.

“ಅಂಬಕ್ಕಾ, ಕೇಳ್ಬಾರ್ದು, ಆದ್ರೂ ಕೇಳ್ತೀನಿ. ಆ ಯಮ್ಮ ಏನಂದ್ಲು?”

ಸಾಕ್ಷಿ ಹೇಳಿಕೆಯನ್ನು ವಿಚಾರಣೆಗೆ ಮೊದಲು ಅವನಿಗೆ ಹೇಳುವಂತಿರಲಿಲ್ಲ. “ಇದ್ದದ್ದು ಇದ್ದಂಗೆ ಅಂದಿದ್ದಾಳೆ” ಅಂದೆ.

“ಮತ್ಯಾಕೆ ನಿನ್ನ ಮುಖ ಹಿಂಗೈತೆ?”

“ಈ ಪೆಟ್ಟಿಗೆ ಕೆಟ್ಟೈತೆ. ಮೂರು ದಿನದಿಂದ ಜಗಳ ಆಡ್ತಿದೀನಿ.”

ಅವನು ಕಂಪ್ಯೂಟರನ್ನು ಹೊಸ್ತಿಲಿನಿಂದಲೇ ನೋಡಿದ. “ಇನ್ನೊಬ್ಬರು ಯಾರಾದ್ರೂ ಮಾಡಿಕೊಡ್ತಾರೇನೋ. ನಿನಗ್ಯಾಕೆ ತ್ರಾಸು?”

“ನಾನು ಮಾಡ್ತೀನಿ ಪಾಲಯ್ಯ” ಅಂದೆ. ಆ ಹೊತ್ತಿಗೆ ಹೇಗೆ ಎಂಬುದು ನನಗೇ ಗೊತ್ತಿರಲಿಲ್ಲ. ಹೇಳಿದ ಮೇಲೆ ಬೇರೆ ದಾರಿ ಉಳಿಯಲಿಲ್ಲ.

ಬುಧವಾರ ಬೆಳಿಗ್ಗೆ ಎದ್ದು ಮತ್ತೆ ಎಲ್ಲವನ್ನೂ ಕತ್ತರಿಸಿ ಜೋಡಿಸಿದೆ, ಆರನೆಯ ಸಲ. ಕೈಗೆ ದಾರಿ ಅಭ್ಯಾಸವಾಗಿತ್ತು, ಎರಡು ಗಂಟೆಯಲ್ಲಿ ಮುಗಿಯಿತು. ಪರದೆಯ ಮೇಲೆ ಓಡಿಸಿದೆ. ಸರಿಯಾಗಿತ್ತು. ಫೈಲ್ ಮಾಡುವ ಗುಂಡಿಯ ಮೇಲೆ ಬೆರಳಿಟ್ಟು, ತೆಗೆದೆ. ಪರದೆಯ ಮೇಲೆ ಸರಿಯಾಗಿ ಓಡುತ್ತದೆ, ಹೊರಗೆ ಕಳಿಸಿದರೆ ಕೆಡುತ್ತದೆ. ಹಾಗಾದರೆ ಕಳಿಸುವುದೇ ಬೇಡ. ಪರದೆಯನ್ನೇ ಒಯ್ದರಾಯಿತು.

ಗುರುವಾರ ಮೊದಲ ಬಸ್ಸಿಗೆ ಸಿಪಿಯು ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಪಾಲಯ್ಯನಿಗೂ ವಿಚಾರಣೆಗೆ ಕರೆ ಬಂದಿತ್ತು. ಅವನು ಮಾನಿಟರನ್ನು ಮಗುವಿನಂತೆ ಎದೆಗವಚಿಕೊಂಡು ನಿಂತೇ ಬಂದ. ಕ್ಯಾಮೆರಾ ಚೀಲದಲ್ಲಿತ್ತು, ಸೂಜಿ ಡಬ್ಬಿಯ ಕಾರ್ಡನ್ನು ಹೊರಡುವ ಮುಂಚೆ ಅದಕ್ಕೆ ಹಾಕಿದ್ದೆ. ಊರ ಗಡಿ ದಾಟಿದ ಮೇಲೆ ಕಂಡಕ್ಟರ್ ಟಿಕೆಟ್ ಕೇಳಿದ ದನಿ ಬಾಯಿ ತೆರೆದ ಕೂಡಲೇ ಬಂದು ಕಿವಿಗೆ ಬಡಿಯಿತು. ನಾವಿಬ್ಬರೂ ಬೆಚ್ಚಿದೆವು. ಹೊರಗೆ ಹೋದಾಗಲೆಲ್ಲ ನಮ್ಮೂರಿನವರಿಗೆ ಅರ್ಧ ದಿನ ಕಿವಿ ನೋಯುತ್ತದೆ.

ಕೆರೆ ಕಚೇರಿಯ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ತುದಿಗೆ ವಿಚಾರಣೆಯ ಮುಖ್ಯಸ್ಥೆ ಶಕುಂತಲಾ ಮೇಡಂ. ಅರವತ್ತರ ಹತ್ತಿರದ, ಕಡಿಮೆ ಮಾತಿನ ಹೆಂಗಸು. ಪಕ್ಕದಲ್ಲಿ ಪ್ರಭಾಕರ್. ಗೋಡೆಯಲ್ಲಿ ದೊಡ್ಡ ಟಿವಿ. ಫೈಲ್ ಎಲ್ಲಿ ಎಂದು ಕೇಳಿದರು. ಫೈಲ್ ಮಾಡಿದರೆ ಕಂಪ್ಯೂಟರ್ ತಾನೇ ಸರಿ ಮಾಡಲು ಹೋಗಿ ಪ್ರಶ್ನೆ ಉತ್ತರ ಅದಲು ಬದಲಾಗುತ್ತಿವೆ, ಅದಕ್ಕೇ ಕಂಪ್ಯೂಟರನ್ನೇ ತಂದಿದ್ದೇನೆ ಅಂದೆ. ಪ್ರಭಾಕರ್ ನಿಟ್ಟುಸಿರು ಬಿಟ್ಟರು. ಮೇಡಂ ಗಡಿಯಾರ ನೋಡಿ, “ತಂದಾಗಿದೆಯಲ್ಲ, ಹಾಕಿ” ಅಂದರು.

ನಾನು ವೈರು ಸಿಕ್ಕಿಸಿದೆ. ಪಾಲಯ್ಯ ಮಂಡಿಯೂರಿ ಕುಳಿತು ಪ್ಲಗ್ಗನ್ನು ಒತ್ತಿ ಹಿಡಿದುಕೊಂಡ, ಅದು ಸಡಿಲವಾಗಿತ್ತು. ಜೋಡಿಸಿದ್ದನ್ನು ಓಡಿಸಿದೆ. ಹೆಸರೇನು, ಸಣ್ಣೀರಮ್ಮ. ವಯಸ್ಸೆಷ್ಟು, ಎಪ್ಪತ್ತೆರಡೋ ಮೂರೋ. ಹೀಗೆ ಸಾಗಿ “ಬಟ್ಟೆ ಬೀಸಿದ್ನಾ?” ಎಂಬಲ್ಲಿಗೆ ಬಂದು, “ಹೂಂ ಸ್ವಾಮಿ, ನಾನೇ ಕಣ್ಣಾರೆ ನೋಡ್ದೆ” ಎಂದಾಗ ಪ್ರಭಾಕರ್ ಎದ್ದು ನಿಂತರು.

“ಮೇಡಂ, ಇದು ಕತ್ತರಿಸಿ ಜೋಡಿಸಿರೋದು. ಪ್ರಶ್ನೆಗೆ ಬೇಕಾದ ಉತ್ತರ ತಂದು ಅಂಟಿಸಿದ್ದಾರೆ. ನೋಡಿ, ಪ್ರತಿ ಮಾತಿಗೂ ಒಂದು ಕತ್ತರಿ ಗುರುತಿದೆ.”

“ನೀವು ಕತ್ತರಿಸಿದ್ದೀರಾ?” ಮೇಡಂ ನನ್ನನ್ನು ಕೇಳಿದರು.

“ಹೌದು ಮೇಡಂ, ಐವತ್ತೆಂಟು ಕಡೆ ಕತ್ತರಿಸಿದ್ದೀನಿ. ಆದ್ರೆ ಯಾವ ಮಾತನ್ನೂ ಅದರ ಜಾಗದಿಂದ ಅಲ್ಲಾಡಿಸಿಲ್ಲ.”

“ಅದನ್ನ ನಾನು ಹೇಗೆ ನಂಬ್ಲಿ?” ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. “ಕತ್ತರಿ ಹಾಕದೇ ಇರೋದು ಇದೆಯಾ?”

ನಾನು ಕ್ಯಾಮೆರಾ ತೆಗೆದೆ. ಅದನ್ನು ತೋರಿಸಲು ನನಗೆ ಇಷ್ಟವಿರಲಿಲ್ಲ. ಹೊರಗಿನವರಿಗೆ ಅದು ಹೇಗೆ ಕಾಣುತ್ತದೆಂದು ನನಗೆ ಗೊತ್ತು. ಆದರೂ ಟಿವಿಗೆ ಸಿಕ್ಕಿಸಿ, ಕಾರ್ಡಿನಲ್ಲಿದ್ದದ್ದನ್ನು ಇದ್ದ ಹಾಗೇ ಬಿಟ್ಟೆ. ಪ್ರಭಾಕರ್ ಅವರ ಬಾಯಿ ಸುಮ್ಮನೆ ತೆರೆದು ಮುಚ್ಚಿತು. ಮತ್ತೆ ತೆರೆದು ಮುಚ್ಚಿತು. ಅವರು ಬಾಯಿ ಮುಚ್ಚಿ ಕೂತಿರುವಾಗ “ನಿಮ್ಮ ಹೆಸರೇನು?” ಎಂದು ಕೋಣೆ ನಡುಗುವಂತೆ ಕೇಳಿಸಿತು. ಮೇಡಂ ಹಣೆ ಒತ್ತಿಕೊಂಡರು. “ಏನಿದು? ಇದು ಪೂರ್ತಿ ಕೆಟ್ಟಿದೆ. ಸಾಕು, ನಿಲ್ಲಿಸಿ.”

ನಾನು ನಿಲ್ಲಿಸಲಿಲ್ಲ. ಮೊದಲಿಗೆ ತಿರುಗಿಸಿ, ಕ್ಯಾಮೆರಾದ ಮೇಲೆ ಕೈಯಿಟ್ಟುಕೊಂಡು ನಿಂತೆ.

“ಮೇಡಂ, ನಮ್ಮೂರಲ್ಲಿ ಜೋರಾಗಿ ಆಡಿದ ಮಾತು ತಡವಾಗಿ ಕೇಳ್ಸತ್ತೆ. ಒಂದು ಸಲ ಕಣ್ಣು ಮುಚ್ಚಿಕೊಂಡು ಕೇಳಿ. ಎರಡೂವರೆ ನಿಮಿಷ ಅಷ್ಟೇ. ಆಮೇಲೆ ನೀವು ಹೇಳಿದ ಹಾಗೆ.”

“ಇದೇನು ಮೇಡಂ...” ಎಂದು ಪ್ರಭಾಕರ್ ಶುರು ಮಾಡಿದರು. ಮೇಡಂ ಕೈ ಎತ್ತಿ ಅವರನ್ನು ತಡೆದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನನ್ನನ್ನೊಮ್ಮೆ ನೋಡಿ, ಕಣ್ಣು ಮುಚ್ಚಿದರು. ಸ್ವಲ್ಪ ತಡೆದು ಪ್ರಭಾಕರ್ ಕೂಡ ಮುಚ್ಚಿದರು.

ನಿಮ್ಮ ಹೆಸರೇನು? ಸಣ್ಣೀರಮ್ಮ. ವಯಸ್ಸೆಷ್ಟು? ಎಪ್ಪತ್ತೆರಡೋ ಮೂರೋ. ಏನು ಕೆಲಸ? ಬಟ್ಟೆ ಒಗೀತೀನಿ. ಅವತ್ತು ಹಳ್ಳದಲ್ಲಿದ್ರಾ? ಹೂಂ, ಒಬ್ಬಳೇ ಇದ್ದೆ. ಪಾಲಯ್ಯ ನಿಮಗೆ ನೆಂಟನಾ? ಇಲ್ಲ. ಕೆಂಪು ಬಟ್ಟೆ ಬೀಸಿದ್ನಾ? ಹೂಂ ಸ್ವಾಮಿ, ನಾನೇ ಕಣ್ಣಾರೆ ನೋಡ್ದೆ. ಅವತ್ತು ಅವನು ಕುಡಿದಿದ್ನಾ? ಇಲ್ಲ ಸ್ವಾಮಿ. ಬೇರೆ ಏನಾದರೂ ಹೇಳೋದಿದೆಯಾ?

ಆಮೇಲೆ ಪ್ರಭಾಕರ್ ಅವತ್ತು ಕುಳಿತು ಕೇಳದ ಉತ್ತರ ಬಂತು. “ಐತೆ ಸ್ವಾಮಿ. ಅವನು ಬೀಸ್ದಾಗ ನಾನು ಎದ್ದೆ. ಬಂಡೆ ಮೇಲಿದ್ದ ಸೀರೆ ಜಾರಿ ನೀರಿಗೆ ಬಿತ್ತು. ಕಂಡೋರ ಮನೆ ಸೀರೆ ಅಲ್ವಾ, ಹಿಡಿಯೋಕೆ ಇಳಿದೆ. ಅದು ನಂದು ತಪ್ಪು. ಅವನದೇನೈತೆ? ಅವನ ಹೊಟ್ಟೆ ಮೇಲೆ ಹೊಡೀಬ್ಯಾಡಿ. ...ಎದ್ದು ಹೋದ್ರಾ? ಅಂಬಕ್ಕಾ, ಆ ಯಪ್ಪ ಎದ್ದೇ ಹೋದ್ರಲ್ಲೇ.”

ಪಾಲಯ್ಯ ಇನ್ನೂ ನೆಲದ ಮೇಲೆ ಪ್ಲಗ್ಗು ಹಿಡಿದುಕೊಂಡೇ ಕುಳಿತಿದ್ದ. ಕ್ಯಾಮೆರಾಕ್ಕೆ ಆ ಪ್ಲಗ್ಗು ಬೇಕಿರಲಿಲ್ಲ. ಬಿಡು ಎಂದು ಹೇಳುವುದು ನನಗೂ ಹೊಳೆದಿರಲಿಲ್ಲ. ಅವನು ತಲೆ ಮೇಲೆತ್ತಲಿಲ್ಲ.

ಮೇಡಂ ಕಣ್ಣು ತೆರೆದು ಕನ್ನಡಕ ಹಾಕಿಕೊಂಡರು. “ಆ ಕಂಪ್ಯೂಟರ್ ತಾನೇ ಸರಿ ಮಾಡಿದ್ದು ಇದೆಯಲ್ಲ, ಅದನ್ನ ಮೊದಲಿಂದ ಹಾಕಿ.” ಹಾಕಿದೆ. ತುಟಿ, ದನಿ ಎರಡೂ ಅಂದವಾಗಿ ಕೂಡಿಕೊಂಡು ಬಂದವು. “ನಿಮ್ಮ ಹೆಸರೇನು?” ಮೌನ. “ವಯಸ್ಸೆಷ್ಟು?” “ಸಣ್ಣೀರಮ್ಮ.” “ಏನು ಕೆಲಸ?” “ಎಪ್ಪತ್ತೆರಡೋ ಮೂರೋ.” ಮೇಡಂ ಸಾಕು ಎಂದು ಕೈ ಮಾಡಿದರು. ಪ್ರಭಾಕರ್ ತಮ್ಮ ನೋಟ್ ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ಮುಂದಕ್ಕೆ ತಿರುವುತ್ತಿದ್ದರು. ಅವರ ಕಿವಿ ಕೆಂಪಾಗಿತ್ತು. “ಮೊದಲ ಪ್ರಶ್ನೆಗಳ ಉತ್ತರ ನಾನು ಬರ್ಕೊಂಡೇ ಇಲ್ಲ ಮೇಡಂ. ಬರ್ಕೊಂಡಿದ್ರೆ ಅಲ್ಲೇ ಗೊತ್ತಾಗ್ತಿತ್ತು” ಅಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಅವರೇ, “ಆ ಸೈರನ್ನೂ ಹಾಗಾದ್ರೆ...” ಎಂದು ನಿಲ್ಲಿಸಿದರು. ಮೇಡಂ ಪಾಲಯ್ಯನನ್ನು ಕುರ್ಚಿಯ ಮೇಲೆ ಕೂರಲು ಹೇಳಿ, ಸೈರನ್ ವಿಷಯವನ್ನು ಮೊದಲಿನಿಂದ ಹೇಳು ಅಂದರು. ಅವನು ಹೇಳಿದ. ಈ ಸಲ ಯಾರೂ ನಡುವೆ ಬಾಯಿ ಹಾಕಲಿಲ್ಲ.

ಎರಡು ವಾರಕ್ಕೆ ಆದೇಶ ಬಂತು. ಪಾಲಯ್ಯ ಕೆಲಸಕ್ಕೆ ಹಾಜರಾಗಬೇಕು, ಸೈರನ್ ಬಿಚ್ಚಬೇಕು, ಕೆಂಪು ಬಟ್ಟೆಯೇ ಅಧಿಕೃತ ಸೂಚನೆ. ನಾನು ಪ್ರೋಗ್ರಾಮಿನವರಿಗೆ ಎಂಟು ಪುಟದ ಪತ್ರ ಬರೆದೆ. ಉತ್ತರ ಇನ್ನೂ ಬಂದಿಲ್ಲ. ಪಕ್ಕದ ಊರಿನ ಸ್ಟುಡಿಯೊದವರು ಮೂಲೆಗೆ ಎಸೆದಿದ್ದ ಹಳೆಯ ಕಂಪ್ಯೂಟರನ್ನು ತಂದು, ಅದಕ್ಕೆ ಹಳೆಯ ಡಿಸ್ಕ್ ಹಾಕಿ, ಅದರಲ್ಲೇ ಕೆಲಸ ಮಾಡುತ್ತಿದ್ದೇನೆ. ನಿಧಾನ, ಆದರೆ ನಾನು ಇಟ್ಟದ್ದನ್ನು ಇಟ್ಟಲ್ಲೇ ಬಿಡುತ್ತದೆ.

ಆದೇಶ ಬಂದ ದಿನ ಪಾಲಯ್ಯ ನನ್ನನ್ನು ಕರೆದುಕೊಂಡು ಸಣ್ಣೀರಮ್ಮನ ಮನೆಗೆ ಹೋದ. ಒಬ್ಬನೇ ಹೋಗಲು ಅವನಿಗೆ ಧೈರ್ಯವಿರಲಿಲ್ಲ. 
ಅವಳು ಮಂಚದ ಮೇಲೆ ದಿಂಬಿಗೊರಗಿ ಕುಳಿತು ಯಾರದೋ ರವಿಕೆಗೆ ಗುಂಡಿ ಹೊಲಿಯುತ್ತಿದ್ದಳು. ಅವನು ತಂದಿದ್ದ ಬಾಳೆಹಣ್ಣನ್ನು ಕೆಳಗಿಟ್ಟ.

“ನಿನ್ನ ಮಾತಿಂದ ಉಳ್ಕಂಡೆ ಕಣವ್ವ” ಅಂದ.

“ನಾನೇನು ನಿನಗೋಸ್ಕರ ಹೇಳ್ಲಿಲ್ಲ ಬಿಡು. ಕಂಡಿದ್ದು ಹೇಳ್ದೆ.”

“ಕಂಡಿದ್ದು ಎಲ್ಲ ಹೇಳ್ಲಿಲ್ಲ ನೀನು. ನಾನು ಬಟ್ಟೆ ಬೀಸ್ದೆ, ನೀನು ಎದ್ದಿದ್ದು ನೋಡ್ದೆ, ದಡ ಹತ್ತಿದ್ಲು ಅಂದ್ಕಂಡು ತೂಬಿನ ಕಡೆ ತಿರುಗಿಬಿಟ್ಟೆ. ಇನ್ನೊಂದು ಗಳಿಗೆ ನಿಂತು ನೋಡಿದ್ರೆ ಆಗ್ತಿತ್ತು. ಒಂದೂವರೆ ತಿಂಗಳಿಂದ ಅದೇ ನನ್ನ ಕೊರೀತೈತೆ.”

ಸಣ್ಣೀರಮ್ಮ ಹಲ್ಲಿನಿಂದ ದಾರ ಕಡಿದು, ಸೂಜಿಯನ್ನು ರವಿಕೆಯ ಅಂಚಿಗೆ ಚುಚ್ಚಿಟ್ಟಳು.

“ನೀನು ತಿರುಗಿದ್ದೂ ನೋಡ್ದೆ. ಆಮ್ಯಾಕೆ ನಾನು ನೀರಾಗೆ ಇರೋದು ಕಂಡು, ಬಿದ್ದು ಎದ್ದು, ಪಂಚೆ ಸಿಕ್ಕಿ ಇನ್ನೊಂದು ಸಲ ಬಿದ್ದು, ತೂಬು ಮುಚ್ಚೋಕೆ ಓಡಿದ್ಯಲ್ಲ, ಅದನ್ನೂ ನೋಡ್ದೆ” ಅಂದಳು. “ನೀರು ಅರ್ಧಕ್ಕೆ ನಿಲ್ತು, ಅದಕ್ಕೇ ಸೊಂಟಕ್ಕೇ ಮುಗೀತು. ಅದನ್ನ ನನ್ನ ಯಾರೂ ಕೇಳ್ಲಿಲ್ಲ.”

ಪಾಲಯ್ಯ ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡ. ಅವಳು ಅವನನ್ನು ಸುಮ್ಮನಿರು ಅನ್ನಲಿಲ್ಲ. ಕೈ ಚಾಚಿ ಒಂದು ಬಾಳೆಹಣ್ಣು ಮುರಿದು ನನಗೆ ಕೊಟ್ಟಳು, ಇನ್ನೊಂದನ್ನು ಸುಲಿದು, ಅವನು ಟವೆಲು ತೆಗೆಯುವವರೆಗೆ ಹಿಡಿದುಕೊಂಡೇ ಇದ್ದಳು.